ಮನ್ನೂಬಿಯಾ ವಾಪಸ್ ಕೇಳಿದ ಬೆಂಕಿ ಕಂಬಳಿಗಳು

ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ಏನು ಮಾಡುತ್ತೀರಿ? ಮೆಹ್ದಿಯಾ ಬಂದರಿನ ಎದುರು ಬಂಬಲೂನಿ ಎಂಬ ಸಿಹಿ ವಡೆ ಕರಿದು ಮಾರುವ ಆರು ಅಂಗಡಿಗಳಿವೆ. ಅಲ್ಲಿನ ಸಲುವಾಳ ಬಾಣಲೆಗೆ ಒಂದು ದಿನ ಬೆಂಕಿ ಹತ್ತಿತು. ಅವಳು ಗಾಬರಿಯಲ್ಲಿ ಒಂದು ಚೊಂಬು ನೀರು ಎರಚಿದಳು. ಉರಿ ಭುಗ್ಗೆಂದು ಸೂರಿಗೆ ಹಾರಿತು. ಸಲುವಾಳ ಮೊಣಕೈ ಸುಟ್ಟಿತು, ಹುಬ್ಬು ಸೀದುಹೋಯಿತು. ಜೀವ ಉಳಿದದ್ದೇ ಹೆಚ್ಚು.

ಅಂಗಡಿ ಸಾಲಿಗೆಲ್ಲ ಹಿರಿಯಳು ಮನ್ನೂಬಿಯಾ. ಮೂವತ್ತು ವರ್ಷದಿಂದ ಕರಿಯುತ್ತಿರುವವಳು. ಆ ವಾರವೇ ಶುಕ್ರವಾರದ ಸಂತೆಗೆ ಹೋಗಿ ಆರು ಬೆಂಕಿ ಕಂಬಳಿ ತಂದಳು. ಉರಿಯ ಮೇಲೆ ಹೊದಿಸಿ ಗಾಳಿ ತಡೆದು ಬೆಂಕಿ ಆರಿಸುವ ಬಟ್ಟೆ ಅದು. ಒಂದನ್ನು ತಾನಿಟ್ಟುಕೊಂಡು ಉಳಿದವನ್ನು ಒಂದೊಂದು ಅಂಗಡಿಗೆ ತಾನೇ ನೇತುಹಾಕಿ ಬಂದಳು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಭಾನುವಾರ ಅವಳ ಅಕ್ಕನ ಮಗಳು ವಿದಾದ್ ಊಟಕ್ಕೆ ಬಂದಳು. ಅವಳಿಗೆ ಪಕ್ಕದ ಪಟ್ಟಣದ ಬಟ್ಟೆ ಪರೀಕ್ಷಾಲಯದಲ್ಲಿ ಕೆಲಸ. ಗೋಡೆಗೆ ನೇತುಹಾಕಿದ್ದ ಕಂಬಳಿಯ ಕೆಂಪು ಚೀಲ ಕಂಡದ್ದೇ ತಡ, ಬಟ್ಟೆ ಎಳೆದು ಬೆರಳಲ್ಲಿ ಉಜ್ಜಿ ನೋಡಿದಳು.

"ಚಿಕ್ಕಮ್ಮಾ, ಇದನ್ನ ಎಲ್ಲಿ ತಗೊಂಡ್ರಿ?"

"ಸಂತೇಲಿ. ಯಾಕೆ, ಬಣ್ಣ ಚೆನ್ನಾಗಿಲ್ವಾ?"

"ಬಣ್ಣಕ್ಕೇನು, ಚೆನ್ನಾಗೇ ಇದೆ. ಆದ್ರೆ ಪರೀಕ್ಷೆ ಆಗಿರೋ ಗುರುತಿಲ್ಲ. ಯಾರು ಮಾಡಿದ್ದು ಅಂತಾನೂ ಇಲ್ಲ."

"ಅಯ್ಯೋ, ನಿಂದೊಂದು! ಬಟ್ಟೆಗೂ ಪರೀಕ್ಷೆ ಬೇಕಾ? ಮಾರೋನು ಲೈಟರ್ ಹಚ್ಚಿ ತೋರಿಸ್ದ ಕಣೆ. ಒಂಚೂರೂ ಸುಡ್ಲಿಲ್ಲ."

"ಲೈಟರ್ ಬೆಂಕಿ ಬೇರೆ, ಬಾಣಲೆ ಎಣ್ಣೆ ಬೆಂಕಿ ಬೇರೆ. ನಾಡಿದ್ದು ಪರೀಕ್ಷಾಲಯಕ್ಕೆ ಬನ್ನಿ. ಇದನ್ನೂ ತನ್ನಿ."

"ಬರ್ತೀನಿ ಬಿಡು. ಗೆದ್ರೆ ಊರೆಲ್ಲಾ ಹೇಳ್ಕೊಂಡು ಬರ್ತೀನಿ, ನೋಡ್ತಿರು."

ವಿದಾದ್ ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಾಳೆಂದೇ ಮನ್ನೂಬಿಯಾ ಇಷ್ಟು ದಿನ ತಿಳಿದಿದ್ದಳು. ಪರೀಕ್ಷಾಲಯದ ದಪ್ಪ ಗಾಜಿನಾಚೆ ಕಂಡ ಹುಡುಗಿಯ ಗುರುತೇ ಸಿಗಲಿಲ್ಲ. ದಪ್ಪ ಕೋಟು, ಮೊಣಕೈವರೆಗೆ ಕೈಗವಸು, ಮುಖಕ್ಕೆ ಕವಚ. ಎದುರಿಗೆ ಮೂರು ಲೀಟರ್ ಎಣ್ಣೆಯ ಬಾಣಲೆ. ಎಣ್ಣೆ ಹೊಗೆಯಾಡಿತು, ಹೊಗೆ ಕಪ್ಪಾಯಿತು, ಯಾರೂ ಕಡ್ಡಿ ಗೀರದೆ ತಾನಾಗಿಯೇ ಧಗ್ಗೆಂದು ಹೊತ್ತಿಕೊಂಡಿತು. ಉರಿ ಆಳೆತ್ತರಕ್ಕೆ ಏರಿತು. ವಿದಾದ್ ಮಾತ್ರ ಗಡಿಯಾರ ನೋಡುತ್ತ ನಿಂತೇ ಇದ್ದಳು.

"ಮುಚ್ಚೇ! ಏನ್ ನೋಡ್ತಾ ನಿಂತೆ, ಮುಚ್ಚೇ!" ಮನ್ನೂಬಿಯಾ ಗಾಜು ಬಡಿದಳು.

"ಬೆಂಕಿ ಪೂರ್ತಿ ಬಲ ತಗೊಳ್ಳೋವರ್ಗೂ ಅವಳು ಕಾಯ್ಲೇಬೇಕಮ್ಮಾ," ಎಂದ ಅಲ್ಲಿನ ಹಿರಿಯ ನೌಕರ ತೌಫೀಕ್.

ಆಮೇಲೆ ವಿದಾದ್ ಒಂದು ಕಾರ್ಖಾನೆ ಕಳಿಸಿದ ಕಂಬಳಿ ಎತ್ತಿಕೊಂಡಳು. ಅಂಚನ್ನು ಬೆರಳ ಮೇಲೆ ಮಡಚಿ, ಬಟ್ಟೆಯನ್ನೇ ಗುರಾಣಿಯಂತೆ ಮುಂದೆ ಹಿಡಿದು ಉರಿಯತ್ತ ನಡೆದಳು. ತನ್ನ ಕಡೆಯಿಂದ ಆಚೆಗೆ ನಿಧಾನವಾಗಿ ಹೊದಿಸಿದಳು. ಉರಿ ಅಡಗಿತು. ಅವಳು ಬಟ್ಟೆಯನ್ನು ಎತ್ತಲಿಲ್ಲ, ಕದಲಲೂ ಇಲ್ಲ. ಕಾಲು ಗಂಟೆ ದಾಟಿದರೂ ಎಲ್ಲೂ ಕಿಡಿ ಇಣುಕಲಿಲ್ಲ.

"ಉರಿ ಹೊರಗೆ ಕಂಡ್ರೆ ಫೇಲು, ಬಟ್ಟೆ ತೂತಾದ್ರೆ ಫೇಲು," ಎಂದ ತೌಫೀಕ್. "ಹೋದ ವರ್ಷ ಒಬ್ಬ ಕಾರ್ಖಾನೆ ಯಜಮಾನ ಲಾರಿಗಟ್ಟಲೆ ಮಾಲು ಮಾಡಿಟ್ಟು ಬಂದು, ಪಾಸ್ ಮಾಡಿ ಅಂತ ಕೂಗಾಡ್ದ. ನಿಮ್ಮುಡುಗಿ ಎದುರುತ್ತರ ಕೊಡ್ಲಿಲ್ಲ. ಅವನ ಕಣ್ಣೆದುರೇ ಮೂರು ಸಲ ಬೆಂಕಿ ಹಚ್ಚಿ ಪರೀಕ್ಷೆ ಮಾಡಿದ್ಳು. ಮೂರು ಸಲಾನೂ ತೂತು. ಫೇಲು ಅಂತ ಬರೆದು ಸಹಿ ಹಾಕಿದ್ಳು."

ಈಗ ಮನ್ನೂಬಿಯಾಳ ಕಂಬಳಿಯ ಸರದಿ. ವಿದಾದ್ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಉದ್ದನೆಯ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ದೂರದಿಂದ ಇಳಿಸಿದಳು. ಉರಿ ಅಡಗಿದಂತೆ ಕಂಡಿತು. ಮನ್ನೂಬಿಯಾಳ ಮುಖ ಅರಳಿತು. ನಿಮಿಷವಾಗುವಷ್ಟರಲ್ಲಿ ಬಟ್ಟೆಯ ನಡು ಕಂದಾಯಿತು, ಜಾಳಾಯಿತು, ಅದನ್ನು ಸೀಳಿಕೊಂಡು ಉರಿ ಮೇಲೆದ್ದಿತು. ವಿದಾದ್ ಕಬ್ಬಿಣದ ಮುಚ್ಚಳ ಎಳೆದು ಅದನ್ನು ಅಡಗಿಸಿದಳು.

ಮನ್ನೂಬಿಯಾ ಗಾಜಿಗೆ ಮುಖ ಒತ್ತಿ ಆ ತೂತನ್ನೇ ನೋಡಿದಳು. ಚೌಕಟ್ಟಿನ ಜಾಗದಲ್ಲಿ ಸಲುವಾಳ ಕೈ ಇದ್ದಿದ್ದರೆ? ಇಂಥದ್ದನ್ನು ತಾನೇ ಅಲ್ಲವೇ ಅವಳ ಅಂಗಡಿಯಲ್ಲಿ ನೇತುಹಾಕಿ ಬಂದದ್ದು?

ವಿದಾದ್ ಕವಚ ತೆಗೆದು ಹೊರಬಂದಳು. ಮುಖ ಕೆಂಪೇರಿ ಬೆವರು ಇಳಿಯುತ್ತಿತ್ತು. ಮನ್ನೂಬಿಯಾ ತಲೆವಸ್ತ್ರದ ತುದಿಯಿಂದ ಅದನ್ನು ಒರೆಸಿದಳು.

"ಅಷ್ಟು ಹತ್ರ ಹೋಗೋಕೆ ಹೆದ್ರಿಕೆ ಆಗಲ್ವೇನೇ?"

"ಆಗುತ್ತೆ ಚಿಕ್ಕಮ್ಮಾ. ಆದ್ರೆ ಮನೇಲಿ ಇದನ್ನ ಹಿಡ್ಕೊಳ್ಳೋರಿಗೆ ನಂಗಿರೋ ಹಾಗೆ ಕೋಟೂ ಇರಲ್ಲ, ಕವಚಾನೂ ಇರಲ್ಲ."

ಮನ್ನೂಬಿಯಾಗೆ ತನ್ನ ತೋಳಲ್ಲಿ ಆಡಿ ಬೆಳೆದ ಹುಡುಗಿಯ ಮುಂದೆ ತಾನೇ ಚಿಕ್ಕವಳಾದಂತೆ ಅನಿಸಿತು. ಹಾಗನಿಸಿದ್ದು ಹಿತವಾಗಿಯೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯಿಂದ ಅಂಗಡಿಗೆ ಹೋದಳು.

"ಕೊಟ್ಟಿದ್ದನ್ನ ವಾಪಸ್ ಕೇಳೋದಾ, ಮನ್ನೂಬಿಯಕ್ಕಾ?" ಪಕ್ಕದ ಅಂಗಡಿಯ ಜಲೀಲಾ ಛೇಡಿಸಿದಳು.

"ಹೌದು ಕಣೆ, ಕೇಳ್ತೀನಿ. ನಾನು ಮೋಸ ಹೋಗಿದ್ದಲ್ದೆ ನಿಮ್ಮನ್ನೂ ಸಿಕ್ಕಿಸ್ದೆ. ಸುಮ್ನೆ ಕೊಡು."

ಯಾರೂ ಎತ್ತಿ ಬಳಸದಂತೆ ಐದನ್ನೂ ಕತ್ತರಿಸಿ ಹಾಕಿದಳು. ಎಲ್ಲರೂ ಸೇರಿ ಪರೀಕ್ಷೆಯಾದ ಕಂಬಳಿ ತರಿಸಿದರು. ವಿದಾದ್ ರಜೆಯ ದಿನ ಬಂದು, ಆರಿದ ಒಲೆ, ತಣ್ಣನೆಯ ಬಾಣಲೆ ಇಟ್ಟು ಹೊದಿಸುವುದನ್ನು ಕಲಿಸಿದಳು. ಮೊದಲು ಮುಂದೆ ಬಂದವಳು ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಸಲುವಾ.

ಅಕ್ಕಂದಿರೇ, ಅಣ್ಣಂದಿರೇ, ಉರಿಯುವ ಎಣ್ಣೆಗೆ ಎಂದೂ ನೀರು ಹಾಕಬೇಡಿ. ಬೆಂಕಿ ಚಿಕ್ಕದಿದ್ದು ಗ್ಯಾಸ್ ಗುಂಡಿ ಕೈಗೆಟುಕಿದರೆ ಗ್ಯಾಸ್ ಬಂದ್ ಮಾಡಿ. ಕೈ ಮರೆಯಾಗುವಂತೆ ಕಂಬಳಿ ಹಿಡಿದು ಹೊದಿಸಿ, ಪೂರ್ತಿ ತಣ್ಣಗಾಗುವವರೆಗೆ ಎತ್ತಬೇಡಿ. ಒಮ್ಮೆ ಬೆಂಕಿಗೆ ಹಾಕಿದ್ದನ್ನು ಮತ್ತೆ ಬಳಸಬೇಡಿ. ಕೈಮೀರಿದರೆ ಸಾಮಾನು ಬಿಟ್ಟು ಹೊರಗೋಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಮತ್ತೆ, ಕೊಳ್ಳುವಾಗ ಚೀಲದ ಬಣ್ಣಕ್ಕೆ ಮರುಳಾಗಬೇಡಿ. ಪರೀಕ್ಷೆಯ ಗುರುತು, ತಯಾರಿಸಿದವರ ಹೆಸರು ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಮುಲಾಜಿಲ್ಲದೆ ಹಿಂದಕ್ಕೆ ಕೊಟ್ಟುಬಿಡಿ.