ಗಿಟಾರಿನ ಪಟ್ಟಾ

ಮದುವೆಯ ಅಕ್ಕಿಕಾಳು ಬಿದ್ದು ಜನ ಊಟದ ಪಂಕ್ತಿಯ ಕಡೆ ನುಗ್ಗುತ್ತಿದ್ದಾಗ ಯಾಸ್ಮಿನ ವೇದಿಕೆ ಹತ್ತಿದಳು. ಅವಳ ಹೆಗಲಲ್ಲಿ ಪರಮಾನಂದನ ಬೇಸ್ ಗಿಟಾರು ತೂಗುತ್ತಿತ್ತು. ಪರಮಾನಂದನದು ಎಂದರೆ, ಹೋದ ವರ್ಷದವರೆಗೆ ಅವನದಾಗಿದ್ದದ್ದು. ತಾನೇ ಮಾರಿ, ತಾನೇ ಹಳೆಯ ಚಾದರ ಸುತ್ತಿ, ತಾನೇ ಬಸ್ಸಿನ ಸೀಟಿನ ಮೇಲೆ ಮಲಗಿಸಿ ಬಂದಿದ್ದ. ಇದೆಲ್ಲ ಅವನಿಗೆ ಚೆನ್ನಾಗಿ ನೆನಪಿತ್ತು. ಆದರೂ ಸಿಂದಗಿಯ ಆ ಕಲ್ಯಾಣ ಮಂಟಪದಲ್ಲಿ ಕೂತು ನೋಡುವಾಗ ಯಾರೋ ಕದ್ದೊಯ್ದವರನ್ನೇ ಕಂಡಂತಾಯಿತು.

ಯಾಸ್ಮಿನ ದಪ್ಪ ತಂತಿ ಮೀಟಿದಳು. ಅವನ ಮುಂದಿದ್ದ ಸ್ಟೀಲ್ ಲೋಟದ ನೀರು ಸಣ್ಣಗೆ ನಡುಗಿತು.

ಅದು ಅಂಥಿಂಥ ಗಿಟಾರಲ್ಲ. ಜರ್ಮನಿಯಲ್ಲಿ ಮಾಡಿದ್ದು. ಪಿಟೀಲಿನಂತೆ ನಡು ಸಣ್ಣ, ಒಳಗೆ ಟೊಳ್ಳು. ಸೊಲ್ಲಾಪುರದ ಆರ್ಕೆಸ್ಟ್ರಾದ ಕಾಸಿಂಸಾಬ ಎಂಬ ಹಿರಿಯ, ಕೈ ನಡುಗತೊಡಗಿದ ಮೇಲೆ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಪರಮಾನಂದನಿಗೆ ಅದನ್ನು ದಾಟಿಸಿದ್ದ. ಬಾಗೇವಾಡಿಯಿಂದ ಇಂಡಿಯವರೆಗೆ ಎಲ್ಲಿ ರಸಮಂಜರಿ ನಡೆದರೂ ಇವನು ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಮಗ್ಗುಲ ಕತ್ತಲಲ್ಲಿ ನಿಂತಿರುತ್ತಿದ್ದ. ಹಾಡುವವರಿಗೆ ಹಾರ, ಕೀಬೋರ್ಡಿನವನಿಗೆ ಶಾಲು. ಇವನಿಗೆ ಊರೂರಲ್ಲೂ ಸಿಗುತ್ತಿದ್ದುದು ಒಂದೇ ಪ್ರಶ್ನೆ: “ನಾಕ ತಂತಿ ಅದಾವಲ್ರಿ, ಉಳದ ಎರಡು ಹರದಾವೇನು?” ಮೊದಮೊದಲು, ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ ಎಂದು ನಕ್ಕು ಬಿಡಿಸಿ ಹೇಳುತ್ತಿದ್ದ. ಬರಬರುತ್ತ “ಹೌದ್ರಿ, ಹರದಾವ” ಎನ್ನತೊಡಗಿದ.

ಮುಂದೆ ಕೀಬೋರ್ಡಿನವನ ಎಡಗೈಯೇ ಬೇಸ್ ಬಾರಿಸತೊಡಗಿತು. ಅದರ ಹಿಂದೆಯೇ ಪೆನ್ ಡ್ರೈವ್ ಬಂತು, ಆರ್ಕೆಸ್ಟ್ರಾ ಮುಗಿಯಿತು. ಪರಮಾನಂದ ಬಾಗೇವಾಡಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟ, ಗಿಟಾರು ಕಪಾಟಿನ ಮೇಲೆ ಧೂಳು ತಿಂದಿತು. ಸಿಂದಗಿಯ ಸಂಗೀತ ಟೀಚರು ಯಾಸ್ಮಿನ ವಿಚಾರಿಸಿಕೊಂಡು ಮನೆಗೆ ಬಂದ ದಿನ, “ಒಯ್ಯವಾ, ಕಪಾಟರ ಖಾಲಿ ಆಗತೈತಿ” ಎಂದು ದೊಡ್ಡಸ್ತಿಕೆಯಿಂದ ಮಾರಿಬಿಟ್ಟ.

ಅದನ್ನು ತೂಗುಹಾಕುವ ಪಟ್ಟಾ ಮಾತ್ರ ಕೊಡಲಿಲ್ಲ. ಎಮ್ಮೆ ತೊಗಲಿನ, ಹಿತ್ತಾಳೆ ಬಕ್ಕಲಿನ ಆ ಪಟ್ಟಾವನ್ನು ತನ್ನ ಹೆಗಲಿನ ಅಳತೆಗೆ ತಾನೇ ಹೊಲಿಸಿದ್ದ. ಇಂಗಳೇಶ್ವರದಲ್ಲಿ ದನ ಕಟ್ಟಿ ಬಾಳಿದ ಅವನ ಅವ್ವ ರೇಣವ್ವ ಅದನ್ನು ಬಾಗಿಲಲ್ಲೇ ಬಿಚ್ಚಿಸಿಕೊಂಡಿದ್ದಳು. “ಎತ್ತ ಮಾರಿದಾವ್ರು ಹಗ್ಗಾ ಕೊಡ್ತಾರೇನೋ, ಖೋಡಿ? ಹಗ್ಗ ಮನ್ಯಾಗ ಉಳೀಬೇಕು. ಅಂದ್ರ ಕೊಟ್ಟಿಗಿಗೆ ಮತ್ತ ಎತ್ತ ಬರ್ತೈತಿ.”

ಅವತ್ತಿನಿಂದ ಪಟ್ಟಾ ಗೋಡೆಯ ಮೊಳೆಗೆ ತೂಗುತ್ತಿತ್ತು. ಯಾಸ್ಮಿನಳ ಕಾರ್ಯಕ್ರಮದ ಮೊದಲ ವಿಡಿಯೋ ಅವನ ಫೋನಿಗೆ ಬರುವವರೆಗೆ ಪರಮಾನಂದ ಅದರ ಕಡೆ ನೋಡಿರಲಿಲ್ಲ. ವಿಡಿಯೋದಲ್ಲಿ ಯಾಸ್ಮಿನ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕೆಳಗೆ ಜನ ಬರೆದದ್ದೆಲ್ಲ ಹಾಡಿನ ಬಗ್ಗೆ ಅಲ್ಲ, ಆ ಗಿಟಾರಿನ ಬಗ್ಗೆ. ಅವನು ಅದನ್ನು ಮತ್ತೆ ಮತ್ತೆ ನೋಡುವುದನ್ನು ಕಂಡು ಹೆಂಡತಿ ಸುವರ್ಣಾ ಕುಟುಕಿದಳು: “ಧೂಳ ಒರಸ್ರಿ ಅಂದ್ರ ಒಮ್ಮೆನೂ ಒರಸಲಿಲ್ಲ. ಈಗ ಮಂದಿ ಕೈಯಾಗ ಮಿಂಚಾಕತ್ತೈತಿ ಅಂತ ಹೊಟ್ಟಿಕಿಚ್ಚೇನ್ರಿ?”

“ನನಗ್ಯಾಕ ಹೊಟ್ಟಿಕಿಚ್ಚು?” ಎಂದ. ಹೊಟ್ಟೆಕಿಚ್ಚೇ ಆಗಿತ್ತು, ಊಟ ಸೇರದಷ್ಟು. ಅದಕ್ಕೇ ಇವತ್ತು ಮದುವೆಯ ನೆಪ ಮಾಡಿ, ಪಟ್ಟಾವನ್ನು ಚೀಲದಲ್ಲಿಟ್ಟುಕೊಂಡು ಸಿಂದಗಿಗೆ ಬಂದಿದ್ದ. ಯಾಸ್ಮಿನ ಕೊಟ್ಟ ಹಣವನ್ನು ಅವಳಿಗೆ ಹಿಂದಿರುಗಿಸಿ, ಗಿಟಾರನ್ನು ಇದೇ ಪಟ್ಟಾಕ್ಕೆ ಸಿಗಿಸಿ, ಹೆಗಲಿಗೇರಿಸಿಕೊಂಡೇ ಊರಿಗೆ ಹೋಗುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ.

ಯಾಸ್ಮಿನ ಪಟ್ಟಾದ ಬದಲು ಹಳೆಯ ಸೀರೆಯ ಅಂಚನ್ನು ಹೆಣೆದು ಗಿಟಾರಿಗೆ ಕಟ್ಟಿಕೊಂಡಿದ್ದಳು. ಅದನ್ನು ಕಂಡು ಅವನಿಗೆ ಒಳಗೇ ಸಣ್ಣ ನಗು ಬಂತು. ಆದರೆ ಅವಳ ಬಲಗೈ ಹೆಬ್ಬೆರಳು ಊರಿದ ಜಾಗ ನೋಡಿ ನಗು ಹಾರಿಹೋಯಿತು. ವಾರ್ನಿಷ್ ಹೋಗಿ ಕಟ್ಟಿಗೆ ಬೆಳ್ಳಗಾದ ಜಾಗ ಅದು. ಅವನ ಹೆಬ್ಬೆರಳೇ ವರ್ಷಾನುಗಟ್ಟಲೆ ತಿಕ್ಕಿ ಸವೆಸಿದ್ದು. ಅವಳ ಹೆಬ್ಬೆರಳು ತಯಾರಾಗಿದ್ದ ಮನೆಗೆ ಬಂದಂತೆ ಅಲ್ಲಿ ಆರಾಮಾಗಿ ನೆಲೆಯೂರಿತ್ತು.

ಮೂರನೇ ಹಾಡಿನ ನಡುವೆ ಅಂಚಿನ ಗಂಟು ಬಿಚ್ಚಿತು. ಗಿಟಾರಿನ ತಲೆ ಧಪ್ಪನೆ ಕೆಳಗೆ ಬಾಗಿತು. ಯಾಸ್ಮಿನ ಮೊಣಕಾಲು ಕೊಟ್ಟು, ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಹಾಡು ನಿಂತಿತು. ಪರಮಾನಂದನ ಕೈ ಚೀಲದೊಳಗೆ ಹಿತ್ತಾಳೆ ಬಕ್ಕಲಿನ ಮೇಲಿತ್ತು. ಎದ್ದು ಹೋಗಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅವನು ಏಳಲಿಲ್ಲ. ನಿಲ್ಲಲಿ, ಎಂದುಕೊಂಡ. ಜನರ ಮುಂದೆ ಒಮ್ಮೆ ಗೊತ್ತಾಗಲಿ. ಎಷ್ಟೋ ದಿನದ ಮೇಲೆ ಅವನಿಗೆ ಎದೆ ಹಗುರಾಯಿತು.

ಯಾಸ್ಮಿನ ಅತ್ತಿತ್ತ ನೋಡಿ, ಬೀಗರಿಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ಗಿಟಾರನ್ನು ತೊಡೆಯ ಮೇಲಿಟ್ಟು, ಹೊಟ್ಟೆಗೆ ಒತ್ತಿಕೊಂಡು, ಬಗ್ಗಿ ಕಿವಿಯನ್ನು ಅದರ ಹತ್ತಿರಕ್ಕೆ ತಂದಳು. ಆಮೇಲೆ ಬಾರಿಸಿದಳು. ನಾದ ಮೊದಲಿಗಿಂತ ದುಂಡಗೆ ಬಂತು. ಪರಮಾನಂದ ಜನ್ಮದಲ್ಲಿ ಅದನ್ನು ಕೂತು ಬಾರಿಸಿರಲಿಲ್ಲ, ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿಗೆ ಕುರ್ಚಿ ಎಲ್ಲಿಯದು? ಅದರೊಳಗೆ ಇಂಥ ದನಿ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಶಿರಾ ಬಕೆಟ್ಟು ಹಿಡಿದ ಬಡಿಸುವವನೂ ಬಡಿಸುವುದು ಬಿಟ್ಟು ವೇದಿಕೆಯ ಕಡೆ ನೋಡುತ್ತ ನಿಂತ.

ಹಾಡು ಮುಗಿದ ಮೇಲೆ ಅವಳೇ ಇವನನ್ನು ಕಂಡು ಓಡಿ ಬಂದಳು. “ಕಾಕಾ! ನೀವು ಬಂದೀರಂತ ಗೊತ್ತಿದ್ರ ಮ್ಯಾಲ ಕರೀತಿದ್ದೆ ನೋಡ್ರಿ,” ಎಂದು ಗಿಟಾರನ್ನು ಅವನ ಕೈಗೇ ಕೊಟ್ಟಳು. ಅದಕ್ಕೀಗ ಬೇರೆ ಮನೆಯ ವಾಸನೆ ಇತ್ತು.

“ಇದನ್ನ ನನಗ ಹೊಳ್ಳಿ ಕೊಡ್ತಿಯೇನ ಯಾಸ್ಮಿನ?” ಎಂದ. “ನೀ ಕೊಟ್ಟದ್ದಕ್ಕಿಂತ ಹೆಚ್ಚ ಕೊಡ್ತೇನಿ.”

ಅವಳು ಚೇಷ್ಟೆ ಎಂದುಕೊಳ್ಳಲಿಲ್ಲ. ಅವನ ಮುಖ ನೋಡಿ ಮೆಲ್ಲಗೆ ಹೇಳಿದಳು: “ಇಲ್ರಿ ಕಾಕಾ. ಇದೊಂದ ಬಿಟ್ಟು ಬ್ಯಾರೆ ಏನರ ಕೇಳ್ರಿ.” ಸ್ವಲ್ಪ ತಡೆದು, “ಇದರ ಹಳೇ ಪಟ್ಟಾ ಇತ್ತಲ್ರಿ? ನಿಮ್ಮ ಮನ್ಯಾಗ ಫೋಟೋದಾಗ ನೋಡೇನಿ. ಇದ್ರ ಅದನ್ನ ಕೊಡ್ರಿ. ಇವತ್ತ ಇದು ಕೆಳಗ ಬಿದ್ದಿದ್ರ ನಾ ಉಳೀತಿದ್ದಿಲ್ಲ.”

ಪರಮಾನಂದ ಚೀಲವನ್ನು ಕಾಲಿನಿಂದ ಕುರ್ಚಿಯ ಹಿಂದಕ್ಕೆ ಸರಿಸಿದ. “ಅದು ಎಲ್ಲೈತಿ ಈಗ? ಇಲಿ ಕಡದು ಹಾಳ ಮಾಡ್ಯಾವ.”

“ಹೋಗ್ಲಿ ಬಿಡ್ರಿ. ಕುಂತೇ ಬಾರಸ್ತೇನಿ. ಕುಂತ್ರ ಇನ್ನೂ ಚಲೋ ಬರ್ತೈತಿ, ಕೇಳಿದ್ರೆಲ್ರಿ?”

ಕೇಳಿದ್ದ. ಊಟ ಮಾಡದೆ ಹೊರಬಿದ್ದ.

ಬಸ್ಸಿನಲ್ಲಿ ಕೂತ ಮೇಲೆ ಪಟ್ಟಾ ಹೊರತೆಗೆದು, ಇಲಿ ಕಡಿದಿದೆಯೋ ಎಂಬಂತೆ ತಿರುಗಿಸಿ ನೋಡಿದ. ದೇವರ ಹಿಪ್ಪರಗಿಯಲ್ಲಿ ಹತ್ತಿದ, ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ಪಕ್ಕದಲ್ಲಿ ಕೂತು, ತೊಗಲನ್ನೂ ಬಕ್ಕಲನ್ನೂ ಬೆರಳಿನಿಂದ ಮುಟ್ಟಿ ಪರೀಕ್ಷಿಸಿದ.

“ಎತ್ತಿನ ಕೊಳ್ಳಾಗಿಂದಲ್ರಿ? ಮಾರಿ ಬಂದ್ರೇನು?”

“ಹೌದ್ರಿ,” ಎಂದ ಪರಮಾನಂದ.

“ಪಟ್ಟಾ ಬಿಟ್ಟ ಬರಲಿಲ್ಲ, ಚಲೋ ಮಾಡಿದ್ರಿ.” ಮುದುಕ ಕಿಟಕಿಯಾಚೆ ನೋಡುತ್ತ ಕೇಳಿದ, “ಹೋದ ಮನಿ ಹೆಂಗೈತಿ? ಎತ್ತ ಚಂದ ನೋಡ್ಕೊಂತಾರೇನು?”

ಪರಮಾನಂದ ಪಟ್ಟಾವನ್ನು ತೊಡೆಯ ಮೇಲೆ ಬಿಡಿಸಿಟ್ಟ.

“ನನಕಿಂತ ಚಲೋ ನೋಡ್ಕೊಂತಾಳ್ರಿ,” ಎಂದ.

ಮುದುಕ ಸಮಾಧಾನದಿಂದ ತಲೆಯಾಡಿಸಿ ಕಣ್ಣು ಮುಚ್ಚಿದ. ಬಾಗೇವಾಡಿ ಬರುವವರೆಗೂ ಪರಮಾನಂದನ ಎಡಗೈ ಬೆರಳುಗಳು ಆ ತೊಗಲಿನ ಮೇಲೆ, ತಂತಿ ಒತ್ತುವಂತೆ, ಒಂದೊಂದೇ ಜಾಗ ಒತ್ತುತ್ತ ಹೋದವು.