ಯಾವ ಸ್ಟೈಲ್ ನಿನ್ನದು

ಮತ್ತೊಂದು ವಿಮಾನ, ಶಾಲೆಯ ಸೂರಿಗೆ ತಗುಲಿಯೇ ಹೋಗುತ್ತಿದೆ ಎನ್ನುವಷ್ಟು ಕೆಳಗೆ, ಕಿಟಕಿಯ ಗಾಜುಗಳೆಲ್ಲ ಗಡಗಡ ನಡುಗಿದವು, ರೆಫ್ರಿ ಬಾಯಿ ತೆರೆದದ್ದು ಕಂಡಿತು, ಶುರು ಎಂದನೋ ತಡಿ ಎಂದನೋ ಸದಾನಂದನಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ನಂಜುಂಡನ ಕಾಲು ಪಕ್ಕೆಗೆ ಬಂದು ಬಡಿದಾಗಿತ್ತು — ಶುರು ಎಂದೇ ಇರಬೇಕು. ಉಸಿರು ಅರ್ಧಕ್ಕೆ ನಿಂತಿತು, ಚಾಪೆಗೆ ಹೊದಿಸಿದ ಟಾರ್ಪಾಲು ಪಾದಕ್ಕೆ ಅಂಟುತ್ತಿದೆ, ಅಂಧೇರಿಯ ಮೇ ತಿಂಗಳ ಮಧ್ಯಾಹ್ನ, ಫ್ಯಾನುಗಳು ಬಿಸಿಗಾಳಿಯನ್ನೇ ಕಲಕುತ್ತಿವೆ, ಮುಂದಿನ ಸಾಲಿನ ಕುರ್ಚಿಯಲ್ಲಿ ವೆಂಕಟಸುಬ್ಬಯ್ಯ ಸರ್, ಇಸ್ತ್ರಿ ಮುರಿಯದ ಬಿಳಿ ಅಂಗಿ, ಅಂಚು ಸವೆದ ಕಪ್ಪು ಬೆಲ್ಟು, ಮುಖದಲ್ಲಿ ಏನೂ ಇಲ್ಲ, ಮಗ ಹೊಡೆದನೆಂಬ ಖುಷಿಯೂ ಇಲ್ಲ, ಶಿಷ್ಯ ಹೊಡೆಸಿಕೊಂಡನೆಂಬ ಬೇಸರವೂ ಇಲ್ಲ — ಎಷ್ಟು ವರ್ಷ ಇದೇ ಮುಖದ ಎದುರು ತಾನು ಕಾಲೆತ್ತಿದ್ದು, ಇಳಿಸಿದ್ದು, ಹಗಲೆಲ್ಲ ಕಂಪೆನಿಯ ಆಫೀಸಿನಲ್ಲಿ ಟೈ ಕಟ್ಟಿ ಕೂರುವ ಈ ಮೈಸೂರಿನ ಮನುಷ್ಯ ಸಂಜೆ ಇಲ್ಲಿ ಬರಿಗಾಲಲ್ಲಿ ನಿಂತರೆ ಬೇರೆಯೇ ಆಗಿಬಿಡುತ್ತಿದ್ದರು, ಪಂಚು ಸೊಂಟದಿಂದ ಹೊರಡಬೇಕು ಕಣಯ್ಯ, ಭುಜದಿಂದಲ್ಲ, ಹೌದು ಸರ್, ಮತ್ತೆ ಮಾಡು, ಹೌದು ಸರ್. ಹೌದು ಸರ್ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದು ಒಂದೇ ಸಲ, ಹೋದ ತಿಂಗಳು, ಸಾಂತಾಕ್ರೂಜಿನಲ್ಲಿ ಮಾವನ ಹೋಟೆಲಿನ ಹಿಂದಿನ ಸೊಸೈಟಿ ಹಾಲಿನಲ್ಲಿ ನಾನೇ ಒಂದು ಕ್ಲಾಸು ಶುರು ಮಾಡ್ತೇನೆ ಸರ್ ಎಂದದ್ದು. ಬಹಳ ಸಂತೋಷ, ಕರಾಟೆ ತಾನೇ? ಕರಾಟೆಯೂ ಉಂಟು ಸರ್, ಶಂಕ್ರೆಪ್ಪನ ಹತ್ತಿರ ಕಲಿತ ಕುಸ್ತಿಯೂ ಉಂಟು, ನಮ್ಮ ಹೋಟೆಲಿನ ಅಡುಗೆಯ ದೂಜಣ್ಣ ಹೇಳಿಕೊಟ್ಟ ಜೂಡೋ ಉಂಟು, ದೂರ ಇದ್ದರೆ ಒದೆಯುವುದು, ಹತ್ತಿರ ಬಂದರೆ ಎತ್ತಿ ಹಾಕುವುದು, ಬಿದ್ದ ಮೇಲೆ ನೆಲದಲ್ಲೇ ಹಿಡಿಯುವುದು, ಎಲ್ಲ ಸೇರಿಸಿ. ಸರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಯಾವ ಸ್ಟೈಲಯ್ಯ ಅದು, ಬೋರ್ಡಿನ ಮೇಲೆ ಏನಂತ ಬರೆಸ್ತೀಯ, ನಿಮ್ಮ ಹೋಟೆಲಲ್ಲಿ ಸಾಂಬಾರು, ಚಟ್ನಿ, ಶಿರಾ ಒಂದೇ ತಟ್ಟೆಗೆ ಹಾಕಿ ಕಲಸಿದರೆ ಅದೊಂದು ಹೊಸ ತಿಂಡಿ ಆಗತ್ತೇನು? ಇಡೀ ಕ್ಲಾಸು ಸಾಲಾಗಿ ನಿಂತು ಕೇಳುತ್ತಿತ್ತು. ನೋಡು, ನಂಜುಂಡನ ಜೊತೆ ಆಡು, ನಿನಗೆ ಗೊತ್ತಿರೋದನ್ನೆಲ್ಲ ಹಾಕು, ನಾನು ತಡೆಯೋದಿಲ್ಲ, ಗೆದ್ದರೆ ನಾನೇ ಬಂದು ನಿನ್ನ ಕ್ಲಾಸಿನ ರಿಬ್ಬನ್ ಕತ್ತರಿಸ್ತೀನಿ, ಅದೂ ಒಂದು ಸ್ಟೈಲ್ ಅಂತ ಎಲ್ಲರ ಮುಂದೆ ಒಪ್ಕೋತೀನಿ, ಸೋತರೆ ಆ ಮಾತು ಮತ್ತೆ ಎತ್ತಬೇಡ.

ತುಟಿ ಒಡೆಯಿತು. ಮುಷ್ಟಿ ಬಂದದ್ದೇ ಕಾಣಲಿಲ್ಲ, ಬಾಯಲ್ಲಿ ಉಪ್ಪು, ನಂಜುಂಡ ಸೊಂಟದಿಂದಲೇ ಹೊಡೆಯುತ್ತಾನೆ, ಅಪ್ಪ ಹೇಳಿದ ಹಾಗೆಯೇ, ಕೈ ಹೋದ ದಾರಿಯಲ್ಲೇ ವಾಪಸು, ನೋಡುವುದಕ್ಕೆ ಎಷ್ಟು ಚೆಂದ — ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಬೆರಳಿಗೆ ಪಟ್ಟಿ ಸುತ್ತುತ್ತ ಇದೇ ನಂಜುಂಡ ತನ್ನ ಹರುಕು ಕನ್ನಡದಲ್ಲಿ ಹೇಳಿದ್ದ, ಸದಾ, ಹಲ್ಕಾ ಆಡ್ಬೇಡ ಹಾಂ, ಜೋರು ಕಮ್ಮಿ ಮಾಡ್ಬೇಡ, ಪಪ್ಪಾಗೆ ಗೊತ್ತಾಗ್ತದೆ, ಪೂರಾ ಖೇಲ್. ಪೂರಾ ಅಂದರೆ ಎಷ್ಟು? ಸದಾನಂದ ಹಿಂದೆ ಸರಿದ, ಸರಿಯಬಾರದು, ದೂರ ನಿಂತರೆ ಅವನ ಆಟ, ಹತ್ತಿರ ಹೋದರೆ ನಿನ್ನ ಆಟ, ಅದು ಶಂಕ್ರೆಪ್ಪನ ಮಾತು, ಧಾರಾವಿಯ ತಾಲೀಮಿನಲ್ಲಿ, ಪಕ್ಕದ ಗಲ್ಲಿಯಿಂದ ಹಸಿ ತೊಗಲಿನ ವಾಸನೆ, ಒಳಗೆ ಎಣ್ಣೆ ಬೆರೆಸಿದ ಕೆಂಪು ಮಣ್ಣಿನ ವಾಸನೆ, ದಿನವಿಡೀ ಚರ್ಮ ಕತ್ತರಿಸಿ ಬಂದ ಆ ಬಿಜಾಪುರದ ಪೈಲ್ವಾನ ತೊಡೆ ತಟ್ಟಿ ಕರೆಯುತ್ತಿದ್ದ, ಬಾ ತಮ್ಮಾ, ಕೈ ಹೊಡಿಯಾಕಲ್ಲ, ಹಿಡಿಯಾಕ ಕೊಟ್ಟಾನ ದೇವರು. ಆದರೆ ಅಲ್ಲಿಯೂ ಒಂದು ದಿನ ಅಭ್ಯಾಸಬಲದಿಂದ ಕಾಲೆತ್ತಿ ಒದ್ದುಬಿಟ್ಟಾಗ ಶಂಕ್ರೆಪ್ಪ ಮಣ್ಣಿನಿಂದ ಹೊರಗೆ ಹೋಗಿ ನಿಂತ, ಒದಿಯೂದು ಕತ್ತೆ ಕೆಲಸ, ಮಣ್ಣಿಗೆ ಕೈ ಮುಗದು ಒಳಗ ಬಂದಿ ನೀ, ನಿಂದ್ಯಾವ ಗರಡಿ ಹೇಳು ಮೊದಲ. ಅಲ್ಲಿಯೂ ಅದೇ ಪ್ರಶ್ನೆ. ಕೇಳದೇ ಇದ್ದವನು ದೂಜಣ್ಣ ಒಬ್ಬನೇ, ಹಡಗಿನಲ್ಲಿ ಅಡುಗೆಗಿದ್ದಾಗ ಜಪಾನಿನ ಬಂದರಿನಲ್ಲಿ ಎರಡು ಮಳೆಗಾಲ ಜೂಡೋ ಕಲಿತು ಬಂದವನು, ಹಿಟ್ಟಿನ ಮೂಟೆಗಳ ನಡುವೆ ಗೋಣಿ ಹಾಸಿ ಕಲಿಸುತ್ತಿದ್ದವನು, ಹೆಸರು ಎಂತಕ್ಕೆ ಮಾರಾಯ, ನಾನು ಹಡಗಿನಲ್ಲಿ ಏನೇನೋ ಸೇರಿಸಿ ಅಡುಗೆ ಮಾಡಿದ್ದುಂಟು, ಹಸಿದವ ಹೆಸರು ಕೇಳಿದ್ದುಂಟಾ? — ಕಾಲು ಬಂತು, ಈ ಸಲ ಮೇಲಕ್ಕೆ, ತಲೆಗೆ, ಸದಾನಂದ ಯೋಚಿಸಲಿಲ್ಲ, ತಗ್ಗಿದ, ನೆಲಕ್ಕೂರಿದ್ದ ಇನ್ನೊಂದು ಕಾಲಿಗೆ ಕೈ ಹಾಕಿದ, ಭುಜ ಕೊಟ್ಟು ಎತ್ತಿದ, ನಂಜುಂಡ ಗಾಳಿಯಲ್ಲಿ, ಎಷ್ಟು ಹಗುರ, ಚಾಪೆ ಧಡ್ ಎಂದಿತು, ಯಾರೋ ಹಿಂದಿನಿಂದ ಅರೆ ಎಂದರು. ಬೆನ್ನು ನೆಲ ಮುಟ್ಟಿತು. ಧಾರಾವಿಯಲ್ಲಾಗಿದ್ದರೆ ಮುಗಿಯಿತು, ಶಂಕ್ರೆಪ್ಪ ಬಂದು ಗೆದ್ದಿ ಎಂದು ತಲೆಗೆ ಮಣ್ಣು ಹಾಕುತ್ತಿದ್ದ. ಕರಾಟೆಯಲ್ಲಾಗಿದ್ದರೂ ರೆಫ್ರಿ ಕೈಯೆತ್ತಿ ಇಬ್ಬರನ್ನೂ ಬಿಡಿಸುತ್ತಿದ್ದ. ಇಲ್ಲಿ ರೆಫ್ರಿ ನೋಡುತ್ತ ನಿಂತಿದ್ದಾನೆ, ಒಬ್ಬ ಸಾಕು ಅನ್ನೋವರೆಗೂ ಬಿಡಿಸಬೇಡ ಅಂತ ಸರ್ ಹೇಳಿದ್ದಾರೆ, ನಂಜುಂಡ ಮಗ್ಗುಲಾಗಿ ಏಳಲು ನೋಡಿದ, ಬೆನ್ನು ಕೊಟ್ಟ, ಬೆನ್ನು ಕೊಡಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಸದಾನಂದನ ತೋಳು ತಾನಾಗಿಯೇ ಅವನ ಕೊರಳ ಸುತ್ತ ಹೋಯಿತು, ಇನ್ನೊಂದು ಕೈ ಬೀಗ ಹಾಕಿತು.

ಈಗ ಗೆದ್ದ ಹಾಗೆಯೇ, ಬಿಗಿ, ಇನ್ನೂ ಸ್ವಲ್ಪ, ನಂಜುಂಡನ ಕೊರಳಿನ ನರ ತನ್ನ ಮುಂಗೈಗೆ ಬಡಿಯುತ್ತಿದೆ, ಕಿವಿ ಬೆವರಿನಿಂದ ಒದ್ದೆ, ಸಾಕು ಅನ್ನು ನಂಜು, ಒಂದೇ ಮಾತು — ಗಂಟಲು ಹಿಡಿದಿರುವಾಗ ಹೇಗೆ ಹೇಳುತ್ತಾನೆ? ಸರ್ ಕುರ್ಚಿಯ ತುದಿಗೆ ಬಂದಿದ್ದಾರೆ, ಆದರೆ ಏಳುವುದಿಲ್ಲ, ರೆಫ್ರಿ ನಂಜುಂಡನ ಕಾಲನ್ನೇ ನೋಡುತ್ತಿದ್ದಾನೆ, ಒದೆ ಬರುತ್ತದೆಂದು ಕಾಯುತ್ತಿದ್ದಾನೆ, ಇಬ್ಬರೂ ಬಿದ್ದಲ್ಲಿಯೇ ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದಾರೆ ಎಲ್ಲರೂ, ಇಲ್ಲಿ ಏನಾಗುತ್ತಿದೆ ಎಂದು ಈ ಹಾಲಿನಲ್ಲಿ ತನ್ನೊಬ್ಬನಿಗೇ ಗೊತ್ತು. ದೂಜಣ್ಣ ಇದನ್ನು ಕಲಿಸಿದ ದಿನವೇ ಹೇಳಿದ್ದ, ಸಾಕಾದವ ಕೈಯಲ್ಲಿ ನೆಲಕ್ಕೆ ಎರಡು ಸಲ ತಟ್ಟುವುದು, ತಟ್ಟಿದ ಕೂಡಲೇ ಬಿಡುವುದು, ಅಷ್ಟು ಗೊತ್ತಿಲ್ಲದಿದ್ದರೆ ಇದು ಆಟ ಅಲ್ಲ ಮಾರಾಯ, ಕೊಲೆ. ತಟ್ಟು ನಂಜು. ನಂಜುಂಡನಿಗೆ ತಟ್ಟುವುದು ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ತನಗೆ ಗೊತ್ತಿತ್ತು, ಬೆಳಿಗ್ಗೆ ಮೆಟ್ಟಿಲ ಮೇಲೆ ಹೇಳಬಹುದಾಗಿತ್ತು, ಕುಸ್ತಿಯಿಂದ ಎತ್ತುವುದನ್ನು ತಂದ, ಕರಾಟೆಯಿಂದ ಹೊಡೆಯುವುದನ್ನು ತಂದ, ಜೂಡೋದಿಂದ ಅಮುಕುವುದನ್ನು ತಂದ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಮೂರೂ ಕಡೆ ಬಿಟ್ಟು ಬಂದ. ಬಿಡಬೇಕು. ಬಿಟ್ಟರೆ ಸೋತ ಹಾಗೆ, ಇನ್ನೊಂದೇ ಉಸಿರು, ಸರ್ ರಿಬ್ಬನ್ ಕತ್ತರಿಸುತ್ತಾರೆ, ಅದೂ ಒಂದು ಸ್ಟೈಲ್ ಎನ್ನುತ್ತಾರೆ — ಟಾರ್ಪಾಲಿನ ಮೇಲೆ ನಂಜುಂಡನ ಕೈ ಎದ್ದಿತು, ಬಿತ್ತು. ಒಂದು ಸಲ. ಸದಾನಂದ ಎರಡನೆಯದಕ್ಕೆ ಕಾದ. ಎದೆಗೊರಗಿದ್ದ ಮೈ ಒಮ್ಮೆಗೇ ಭಾರವಾಯಿತು, ಆಗ ಬಿಟ್ಟ, ಆಗ ಬಿಟ್ಟ. ಯಾಕೆ ಬಿಟ್ಟೆ, ಹಾರ್ ಮಾನಾ ಕ್ಯಾ, ಸೋಲೊಪ್ಪಿದ್ಯಾ, ಎಂದ ರೆಫ್ರಿ, ಇನ್ನೂ ಅರ್ಥವಾಗದೆ. ಕುರ್ಚಿ ಬಿದ್ದ ಸದ್ದು, ಸರ್ ಓಡಿಬಂದರು, ನಂಜೂ, ಲೋ ನಂಜೂ, ಆ ಮುಖದಲ್ಲಿ ಈಗ ಎಲ್ಲವೂ ಇತ್ತು, ಸದಾನಂದ ನಂಜುಂಡನ ಎರಡೂ ಕಾಲನ್ನು ಎತ್ತಿ ಹಿಡಿದ, ಹಾಗೆ ಮಾಡಬೇಕೆಂದೂ ದೂಜಣ್ಣ ಹೇಳಿದ್ದ, ಯಾರೋ ನೀರು ತಂದರು, ಯಾರೋ ಬಾಗಿಲು ತೆರೆದರು, ಎಷ್ಟು ಹೊತ್ತು, ಬಹಳ ಹೊತ್ತು, ಆಮೇಲೆ ಹೊಟ್ಟೆ ಅಲುಗಿತು, ಕಣ್ಣು ತೆರೆಯಿತು, ಪಪ್ಪಾ, ಕ್ಯಾ ಹುವಾ, ನಾನು ಬಿದ್ನಾ? ಏನೂ ಇಲ್ಲ ಮಗು, ಮಲಗಿರು. ಸರ್ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕತ್ತೆತ್ತಿದರು, ಮಾತು ಕೊಟ್ಟಿದ್ದೀನಿ, ಬರ್ತೀನಿ, ರಿಬ್ಬನ್ ಕತ್ತರಿಸ್ತೀನಿ, ಬೋರ್ಡಿನ ಮೇಲೆ ಏನು ಬೇಕಾದ್ರೂ ಬರೆಸ್ಕೋ, ಇದೊಂದು ಹೇಳು, ಅವನಿಗೆ ಸಾಕಾಗಿದ್ದು ನಿನಗೆ ಗೊತ್ತಾಯ್ತಾ ಇಲ್ವಾ? ಗೊತ್ತಾಗಲಿಲ್ಲ ಸರ್ ಎನ್ನಬೇಕು, ಗೊತ್ತಾಯಿತು ಸರ್ ಎನ್ನಬೇಕು, ತುಟಿಯ ರಕ್ತ ಗದ್ದಕ್ಕೆ ಇಳಿಯುತ್ತಿದೆ, ಒರೆಸಿಕೊಳ್ಳಬೇಕು, ನಂಜುಂಡ ಅವನನ್ನು ನೋಡಿ ಸಣ್ಣಗೆ ನಕ್ಕ, ನಗಬೇಡ — ಟಾರ್ಪಾಲಿನಿಂದ ಎದ್ದ ಆ ಕೈ, ಬೆರಳುಗಳು ಅರ್ಧ ಬಿಚ್ಚಿದ್ದ ಆ ಕೈ, ಎದ್ದು ಬಿತ್ತು, ಒಂದು ಸಲ, ಎದ್ದಿತು, ಬಿತ್ತು, ಆ ಕೈ