ಮುಯ್ಯಾಳು

ಹರದನಹಳ್ಳಿಯ ಕೆರೆಯ ಕೆಳಗೆ ಅಂದು ಲಕ್ಕಮ್ಮನ ಗದ್ದೆಯ ನಾಟಿ. ಐವತ್ತೆಂಟನೇ ಇಸವಿ. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿಯಿಲ್ಲ, ಆಳಿಗೆ ಆಳು. ಇದಕ್ಕೇ ಮುಯ್ಯಿ ಎನ್ನುತ್ತಾರೆ. ಹದಿನೇಳು ವರ್ಷದ ಮಾರಮ್ಮನನ್ನು ಅಲ್ಲಿಯವರೆಗೆ ಯಾರೂ ಆಳೆಂದು ಎಣಿಸಿರಲಿಲ್ಲ. ಮಾತು ನಿಧಾನ, ಬುದ್ಧಿ ಇನ್ನೂ ನಿಧಾನ. ಊರಿನ ಹಾಳುಬಾಯಿಗೆ ಅವಳು 'ಪೆದ್ದಿ'. ಅವಳ ಜೊತೆಗಾತಿ ಎಂದರೆ ತಾಯಿ ಮಲ್ಲಿಗಮ್ಮ ಒಬ್ಬಳೇ. ತಾನು ಕಣ್ಣು ಮುಚ್ಚಿದರೆ ಇವಳಿಗೆ ಯಾರು ಎಂಬ ಹೆದರಿಕೆ ಆ ತಾಯಿಯ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತ್ತು. ಮಗಳನ್ನೂ ಮುಯ್ಯಾಳಾಗಿ ಸೇರಿಸಿಕೊಳ್ಳುವಂತೆ, ನಾಟಿ ಹೆಂಗಸರಿಗೆಲ್ಲ ಹಿರಿಯಳಾದ ಲಕ್ಕಮ್ಮನನ್ನು ಕಾಡಿ ಬೇಡಿ ಒಪ್ಪಿಸಿದ್ದಳು. ಲಕ್ಕಮ್ಮ ಒಂದು ಕರಾರು ಹಾಕಿದ್ದಳು.

"ಒಂದಿನ ನೋಡ್ತೀನಿ ಕಣೆ. ನೀನು ಮಾತ್ರ ಬದದ ಮ್ಯಾಲೇ ಇರ್ಬೇಕು. ಗದ್ದೆಗಿಳಿದ್ಯೋ, ನಾಳೆಯಿಂದ ಇವಳನ್ನ ಸೇರ್ಸಾಕಿಲ್ಲ."

ಮಧ್ಯಾಹ್ನದವರೆಗೆ ಚೆನ್ನಾಗಿಯೇ ನಡೆಯಿತು. ಮಾರಮ್ಮ ಪೈರನ್ನು ನೆಟ್ಟಗೆ ಊರುತ್ತಿದ್ದಳು, ನಿಧಾನ ಅಷ್ಟೇ. ಆದರೆ ಹಿಂದೆ ಬಿದ್ದವಳ ಸುತ್ತ ಪೈರು ನೆಟ್ಟು ಸುತ್ತುಗಟ್ಟುವುದು ನಾಟಿಯ ಹೆಂಗಸರ ಹಳೇ ಚೇಷ್ಟೆ. ಪಕ್ಕದಲ್ಲಿದ್ದ ಹೊನ್ನಕ್ಕ, ಅವಳ ಓರಗೆಯವಳೇ, ಉಳಿದವರಿಗೆ ಕಣ್ಣು ಹೊಡೆದು ಮಾರಮ್ಮನ ಬೆನ್ನ ಹಿಂದೆಯೂ ನೆಟ್ಟುಬಿಟ್ಟಳು. ಈಗ ಎಲ್ಲಿ ಕಾಲಿಟ್ಟರೂ ಪೈರು ತುಳಿಯಬೇಕು. ಹಾಗೆ ಸಿಕ್ಕಿಬಿದ್ದವಳು ಸಾಲಿನಲ್ಲಿ ಯಾರದಾದರೂ ಹೆಸರು ಹಿಡಿದು ಕೂಗಬೇಕು. ಕೂಗಿಸಿಕೊಂಡವಳು ಬಂದು ದಾರಿ ಬಿಡಿಸಬೇಕು.

ಎಲ್ಲರೂ ನಕ್ಕರು. ಮಾರಮ್ಮ ನಗಲಿಲ್ಲ. ಸುತ್ತ ನೋಡಿದಳು, "ಅವ್ವಾ!" ಎಂದು ಚೀರಿದಳು.

ಮಲ್ಲಿಗಮ್ಮನ ಒಂದು ಕಾಲು ಆಗಲೇ ಬದದಿಂದ ಕೆಳಗಿತ್ತು.

"ಮಲ್ಲೀ!" ಲಕ್ಕಮ್ಮ ಗದರಿದಳು. "ಇಳೀಬ್ಯಾಡ ಅಂದಿವ್ನಿ."

"ಮಗು ಎದರ್ಕೊಂಡದೆ ಕಣಕ್ಕಾ!"

"ಎದರ್ಕೊಳ್ಲಿ ಬುಡು. ಎಷ್ಟು ದಿನ ನೀನೇ ಓಡೋಡಿ ಓಯ್ತೀಯೆ?"

ಕಲ್ಲೆದೆಯ ಮುದುಕಿ! ಅವಳ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂತು ಮಲ್ಲಿಗಮ್ಮನಿಗೆ. ಆದರೂ ಕಾಲು ಹಿಂದಕ್ಕೆ ತೆಗೆದುಕೊಂಡಳು. ಮಾರಮ್ಮ ಮತ್ತೆ ಕೂಗಿದಳು, ಇನ್ನೊಮ್ಮೆ ಕೂಗಿದಳು. ತಾಯಿ ಬರಲಿಲ್ಲ. ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಮಾರಮ್ಮ ಕೆಸರುಗೈಯಲ್ಲೇ ಮುಖ ಒರೆಸಿಕೊಂಡು ಅವರ ಕಡೆ ತಿರುಗಿದಳು.

"ಹೊನ್ನೀ," ಎಂದಳು. "ಬಾರೆ."

ಹೊನ್ನಕ್ಕನಿಗೆ ನಾಚಿಕೆಯಾಯಿತು. ತಾನೇ ನೆಟ್ಟ ಪೈರನ್ನು ಕಿತ್ತು ದಾರಿ ಬಿಡಿಸಿ, ಮಾರಮ್ಮನ ಕೈ ಹಿಡಿದು ಸಾಲಿಗೆ ಕರೆತಂದಳು. ಸಂಜೆಯವರೆಗೂ ಅವಳ ಪಕ್ಕ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಹೊನ್ನಕ್ಕ ಬಾಗಿಲಿಗೆ ಬಂದು, "ಇವತ್ತು ನಮ್ಮ ಗದ್ದೆ ಕಣೆ ಮಾರಿ, ಬಾ," ಎಂದಳು. ಮಲ್ಲಿಗಮ್ಮ ಹಿಗ್ಗಿಹೋದಳು. ಸೀರೆ ಎತ್ತಿ ಕಟ್ಟಿಕೊಂಡು ತಾನೂ ಹೊರಟಳು. ಮಾರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ನೀ ಬ್ಯಾಡ ಕಣವ್ವ. ಹೊನ್ನಿ ಅವ್ಳೆ."

ಇಬ್ಬರೂ ಬೀದಿಯ ತಿರುವು ದಾಟಿದರು. ಮಲ್ಲಿಗಮ್ಮ ಬಾಗಿಲಲ್ಲೇ ಕೂತಳು. ಇಷ್ಟು ವರ್ಷ ದೇವರಲ್ಲಿ ಬೇಡಿದ್ದು ಇದನ್ನೇ. ಆದರೂ ಅಳು ತಡೆಯಲಾಗಲಿಲ್ಲ.